ಬೆಳದಿಂಗಳ ಬಿದಿರು

ಜಪಮಾಲೆ ಮತ್ತೆ ಜಾರಿತು. ಸತ್ತ ಅಪ್ಪನ ಬೆರಳುಗಳ ನಡುವೆ ಅದನ್ನು ಸಿಕ್ಕಿಸಲು ಜ್ಞಾನಪ್ರಕಾಶ ಬೆಳಗಿನಿಂದ ಹೆಣಗುತ್ತಿದ್ದ. ಹಗ್ಗ ಬಿಗಿದು ಬಿಗಿದು ಸೊಟ್ಟಗಾದ ಆ ಬೆರಳುಗಳು ಬದುಕಿದ್ದಾಗಲೇ ಯಾರ ಮಾತೂ ಕೇಳಿದವಲ್ಲ, ಈಗ ಕೇಳುತ್ತವೆಯೇ? ಕೊನೆಗೆ ತಾಯಿ ಸೂಸಮ್ಮ ಬಂದು, ಎರಡು ಸುತ್ತು ಸುತ್ತಿ ಸರಿಮಾಡಿ, ಮಗನ ಮುಖ ನೋಡದೆ ಒಳಗೆ ಹೋದಳು.

ಅಪ್ಪ ಸವರಿಯಪ್ಪ ಗುಡಾರ ಕಟ್ಟುವವನು. ಮೈಸೂರಿನಲ್ಲಿ ದೊಡ್ಡವರಿಗೆ ಡೇರೆ ಹೊಲಿದುಕೊಡುವವರು ಬೇಕಾದಷ್ಟು ಜನರಿದ್ದರು. ಇವನ ಗಿರಾಕಿಗಳೇ ಬೇರೆ. ಬೀಸುವ ಕಲ್ಲಿಗೆ ಉಳಿಪೆಟ್ಟು ಹಾಕಿಕೊಡುತ್ತ ಊರೂರು ಅಲೆಯುವವರು, ಬಾಚಣಿಗೆ ಮಾರುವವರು, ಕರಡಿ ಆಡಿಸುವವರು. ಸೀಳು ಬಿದಿರಿನ ಕಮಾನು, ಮೇಲೆ ಈಚಲ ಚಾಪೆ, ಅದರ ಮೇಲೊಂದು ಗೋಣಿ, ಅಷ್ಟೇ. ಮಡಿಸಿದರೆ ಒಂದು ಕತ್ತೆ ಹೊರುವಷ್ಟು, ಬಿಚ್ಚಿದರೆ ಒಂದು ಸಂಸಾರ ಮಲಗುವಷ್ಟು. ಬಡವರ ಕೈಗೆ ಎಟುಕುವ ಬೆಲೆ.

ಬಿದಿರು ಮಂಡಿಯ ಸಿದ್ದಮಲ್ಲಪ್ಪ ಜಗಲಿಯ ಮೇಲೆ ಕೂತು ನಿಟ್ಟುಸಿರು ಬಿಟ್ಟರು. “ಬಂಗಾರದಂಥ ಕೈ ಕಣಪ್ಪ ನಿಮ್ಮಪ್ಪಂದು. ಕೊನೇಲಿ ಸೋತ್ಬುಡ್ತು, ಏನ್ಮಾಡೋದು.”

ಕೂತಿದ್ದವರೆಲ್ಲ ಹೌದೆಂದರು. ಇಲವಾಲದಲ್ಲಿ ನಡೆದದ್ದು ಎಲ್ಲರಿಗೂ ಗೊತ್ತಿತ್ತು. ಹೋದ ವರ್ಷ, ಮುಂಗಾರಿಗೆ ಮೊದಲಿನ ಗಾಳಿಗೆ ಸವರಿಯಪ್ಪನ ಗುಡಾರ ಕುಸಿದು, ಕಲ್ಲು ಕುಟ್ಟುವ ಮರಿಸ್ವಾಮಿಯ ಹೆಂಡತಿ ತಿಮ್ಮಮ್ಮ ಒಳಗೆ ಸಿಕ್ಕಿಕೊಂಡಿದ್ದಳು. ಬಿಡಿಸಿಕೊಳ್ಳುವ ಗಡಿಬಿಡಿಯಲ್ಲಿ ಜೋಡಿಸಿಟ್ಟ ಬೀಸುವ ಕಲ್ಲು ಕಾಲ ಮೇಲೆ ಉರುಳಿತು. ಅಂದಿನಿಂದ ಅವಳು ಕುಂಟುತ್ತಾಳೆ. ಅಂದಿನಿಂದ ಸವರಿಯಪ್ಪನ ಬಾಗಿಲಿಗೆ ಒಂದು ಕತ್ತೆಯೂ ಬಂದು ನಿಲ್ಲಲಿಲ್ಲ. ಮುದುಕನ ಕೈ ನಡುಗುತ್ತದಂತೆ ಎಂಬ ಸುದ್ದಿ ಅಲೆಮಾರಿಗಳ ಜೊತೆಗೇ ಹುಣಸೂರಿನವರೆಗೆ ನಡೆದುಹೋಗಿತ್ತು.

ಜ್ಞಾನಪ್ರಕಾಶ ಅಪ್ಪನ ಕೈ ನೋಡಿದ. ಸಾಯುವ ಹಿಂದಿನ ದಿನವೂ ಆ ಕೈ ತುಂಬಿದ ಗಂಜಿಯ ಬಟ್ಟಲನ್ನು ತುಳುಕಿಸದೆ ಹಿಡಿದಿತ್ತು. ಅದು ನಡುಗಿದ್ದನ್ನು ಅವನು ಎಂದೂ ಕಂಡಿರಲಿಲ್ಲ.

*

ಇಲವಾಲದಲ್ಲಿ ಬಿದ್ದ ಆ ಗುಡಾರಕ್ಕೆ ಬಿದಿರು ತರಬೇಕಾದಾಗ ಸವರಿಯಪ್ಪ ಚಳಿಜ್ವರದಲ್ಲಿ ಮಲಗಿದ್ದ. ಅಮಾವಾಸ್ಯೆ ಬರಲಿ, ಆಮೇಲೆ ಕಡಿಸು ಎಂದು ಮಗನಿಗೆ ಮತ್ತೆ ಮತ್ತೆ ಹೇಳಿದ್ದ. ಜ್ಞಾನಪ್ರಕಾಶನಿಗೆ ಇದೆಲ್ಲ ಅಜ್ಜಿಕತೆ ಅನ್ನಿಸುತ್ತಿತ್ತು. ಹದಿನೈದು ದಿನ ಕಾಯುವವರು ಯಾರು? ಬೆಳದಿಂಗಳಿದ್ದರೆ ಗಾಡಿ ಹೊಡೆಯುವುದೂ ಸಲೀಸು. ಹುಣ್ಣಿಮೆಯ ಬಿದಿರನ್ನು ತಂದು ಹಿತ್ತಲಲ್ಲಿ ಒಟ್ಟಿ, ದಿನದ ಲೆಕ್ಕ ತಪ್ಪಿ ಮಲಗಿದ್ದ ಅಪ್ಪನಿಗೆ ಅಮಾವಾಸ್ಯೆಯದೇ ಎಂದುಬಿಟ್ಟ. ಅಪ್ಪ ನಂಬಿದ, ಎದ್ದು ಕೂರುವಷ್ಟಾದ ಕೂಡಲೇ ಕಟ್ಟಿಕೊಟ್ಟ.

ಗುಡಾರ ಬಿದ್ದ ಮಾರನೆಯ ದಿನ ಇಬ್ಬರೂ ಇಲವಾಲಕ್ಕೆ ಹೋದರು. ಕುಸಿದ ಕಮಾನನ್ನು ಅಪ್ಪ ಎತ್ತಿ ಮೊಣಕಾಲಿಗೆ ಕೊಟ್ಟು ಮುರಿದ. ಒಳಗಿನಿಂದ ಬಿಳಿಯ ಪುಡಿ ಬುಳುಬುಳು ಸುರಿಯಿತು. ಅವನು ಒಮ್ಮೆ ಮಗನ ಕಡೆ ನೋಡಿದ. ಆಮೇಲೆ ಪುಡಿಯನ್ನು ಕಾಲಿನಿಂದ ಮಣ್ಣಿಗೆ ತಳ್ಳಿ, ಕಾಲಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ತಿಮ್ಮಮ್ಮನ ಮುಂದೆ ಕೈ ಮುಗಿದ.

“ಕಟ್ಟು ತಪ್ಪೋಯ್ತು ಕಣವ್ವ. ಈಗೀಗ ಕೈ ನಡುಗ್ತದೆ.”

ಮನೆಗೆ ಬರುವ ದಾರಿಯಲ್ಲಿ ಅಪ್ಪ ಬೈಯಲಿಲ್ಲ. ಬೈದಿದ್ದರೆ ಜ್ಞಾನಪ್ರಕಾಶ ಬದುಕಿಕೊಳ್ಳುತ್ತಿದ್ದ. ಇನ್ನು ಬಿದಿರಿಗೆ ತಾನೇ ಹೋಗುತ್ತೇನೆ ಎಂದಷ್ಟೇ ಅಪ್ಪ ಹೇಳಿದ. ಹೋಗುವ ಸಂದರ್ಭ ಬರಲೇ ಇಲ್ಲ.

*

ಸ್ಮಶಾನಕ್ಕೆ ಹೆಣ ಬಂದಾಗ ಬೇಲಿಯಾಚೆ ಕತ್ತೆಯೊಂದು ನಿಂತಿತ್ತು. ಸುದ್ದಿ ಕೇಳಿ ಮರಿಸ್ವಾಮಿ, ತಿಮ್ಮಮ್ಮ ಇಲವಾಲದಿಂದ ನಡೆದು ಬಂದಿದ್ದರು. ಬಿಸಿಲಿಗೆ ಸೂಸಮ್ಮ ತಲೆ ಸುತ್ತಿ ಬೀಳುವಂತಾಗಿದ್ದನ್ನು ಕಂಡು ಮರಿಸ್ವಾಮಿ ಕತ್ತೆಯ ಮೇಲಿನ ಹಳೆಯ ಗುಡಾರ ಇಳಿಸಿ, ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ನಿಲ್ಲಿಸಿಬಿಟ್ಟ. ಸೂಸಮ್ಮ ಅದರಡಿ ಕೂತಳು. ಎಷ್ಟೋ ವರ್ಷದ ಹಿಂದೆ ಗಂಡ ಕಟ್ಟಿದ್ದು. ಬಿದಿರಿನಲ್ಲಿ ಒಂದು ತೂತಿರಲಿಲ್ಲ.

ಚರ್ಚಿನ ಸ್ವಾಮಿಯವರು ಪ್ರಾರ್ಥನೆ ಮುಗಿಸಿದರು. ಒಬ್ಬೊಬ್ಬರೂ ಒಂದೊಂದು ಹಿಡಿ ಮಣ್ಣು ಹಾಕಿದರು. ತಿಮ್ಮಮ್ಮನೂ ಕುಂಟುತ್ತ ಬಂದು ಹಾಕಿ, ಜ್ಞಾನಪ್ರಕಾಶನ ಪಕ್ಕದಲ್ಲಿ ನಿಂತಳು.

“ಮುದುಕರ ಕೈ, ಪಾಪ. ನಾನು ಮನಸ್ನಲ್ಲಿ ಇಟ್ಕೊಂಡಿಲ್ಲ ಕಣಪ್ಪ. ಕ್ಷಮಿಸಿದೀನಿ ಅಂತ ಹೇಳ್ಬುಟ್ಟು ಹೋಗೋಕೇ ಬಂದೆ.”

ಅಪ್ಪ ಮಾಡದ ತಪ್ಪಿಗೆ ಕ್ಷಮೆಯೂ ಸಿಕ್ಕಿ, ಅದರ ಮೇಲೆ ಮಣ್ಣೂ ಬೀಳುತ್ತಿತ್ತು.

ಮರಿಸ್ವಾಮಿ ಹತ್ತಿರ ಬಂದ. ಹಳೆಯದರ ಚಾಪೆ ಹರಿದಿದೆ, ಹೊಸದೊಂದು ನೀನೇ ಕಟ್ಟಿಕೊಡು, ನಾಳೆಯೇ ಬಿದಿರು ಕಡಿಸಿಬಿಡು ಎಂದ. ನಾಳೆ ಹುಣ್ಣಿಮೆ. ಹೂಂ ಎಂದರೆ ಇನ್ನೊಬ್ಬರ ಕಾಲು, ಇಲ್ಲವೆಂದರೆ ಕಾರಣ ಹೇಳಬೇಕು. ಜ್ಞಾನಪ್ರಕಾಶ ಅಪ್ಪನ ಗುಣಿಯನ್ನೇ ನೋಡುತ್ತ ನಿಂತ.

“ನಾಳೆ ಆಗಲ್ಲ. ಅಮಾವಾಸ್ಯೆ ಬರ್ಲಿ.”

“ಅದ್ಯಾಕಪ್ಪ?”

“ಬೆಳದಿಂಗಳಲ್ಲಿ ಕಡಿದ ಬಿದಿರಿಗೆ ಹುಳ ಬೀಳ್ತದೆ. ಒಳಗೊಳಗೇ ತಿಂದು ಹಿಟ್ಟು ಮಾಡ್ಬುಡ್ತದೆ.”

ಹೊರಟಿದ್ದ ತಿಮ್ಮಮ್ಮ ನಿಂತಳು.

“ಅವತ್ತು ನನ್ ತಲೆ ತುಂಬ ಹಿಟ್ಟಿತ್ತು,” ಎಂದಳು ಮೆಲ್ಲಗೆ. “ಬೀಸೋ ಕಲ್ಲಿಂದು ಅನ್ಕೊಂಡಿದ್ದೆ.” ಅವನ ಕಡೆ ತಿರುಗಿ ಕೇಳಿದಳು: “ಆ ಬಿದಿರು ತಂದೋರು ಯಾರು?”

ಜ್ಞಾನಪ್ರಕಾಶ ತಲೆ ತಗ್ಗಿಸಿದ. ಗುಡಾರದಡಿ ಸೂಸಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

ತಿಮ್ಮಮ್ಮ ಗುಣಿಯ ಬಳಿಗೆ ಕುಂಟುತ್ತ ವಾಪಸು ಹೋದಳು. ಗುದ್ದಲಿ ಎತ್ತಿದ್ದವನನ್ನು ಕೈಸನ್ನೆಯಿಂದ ನಿಲ್ಲಿಸಿ, ನೋಯುವ ಕಾಲನ್ನು ಪಕ್ಕಕ್ಕೆ ಚಾಚಿ, ಕಷ್ಟಪಟ್ಟು ಬಗ್ಗಿ, ಈ ಸಲ ಎರಡೂ ಕೈ ತುಂಬ ಮಣ್ಣು ಬಾಚಿಕೊಂಡಳು.