ಬಹುಶಃ ಮೇಡಂ

ಕಟ್ಟಡಗಳ ಗಟ್ಟಿತನ ಪರೀಕ್ಷಿಸುವ ಆ ಕಚೇರಿಯಲ್ಲಿ ಇಂಜಿನಿಯರ್ ಹೇಳಿದ್ದನ್ನು ಇಂಗ್ಲಿಷಿನಲ್ಲಿ ವರದಿ ಮಾಡುವುದು ಅವಳ ಕೆಲಸ. ಹದಿನಾರು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ಗಿರಾಕಿಗೆ ಬೇಜಾರಾಗಬಾರದು, ನಾಳೆ ಏನಾದರೂ ಆದರೆ ಕಚೇರಿಯ ತಲೆಗೂ ಬರಬಾರದು. ಅಂಥ ಮಾತು ಹುಡುಕುವುದರಲ್ಲಿ ಅವಳದು ಎತ್ತಿದ ಕೈ. ಒಂದೇ ಪುಟದಲ್ಲಿ 'ಮೇ ಬಿ' ಎರಡು ಸಲ ಬಂದರೆ ಅವಳಿಗೇ ಇರುಸುಮುರುಸು. ಎರಡನೆಯದನ್ನು ಅಳಿಸಿ 'ಅಪಿಯರ್ಸ್ ಟು ಬಿ' ಮಾಡುವಳು. ಎಲ್ಲರೂ ಅವಳನ್ನು ಬಹುಶಃ ಮೇಡಂ ಎಂದೇ ಕರೆಯುತ್ತಿದ್ದರು.

ಸೋಮವಾರ ಇಂಜಿನಿಯರ್ ಒಂದು ಶಾಲೆ ನೋಡಿಕೊಂಡು ಬಂದ.

"ಮೇಡಂ, ಹಿಂದಿನ ಎರಡು ಕ್ಲಾಸುಗಳ ಗೋಡೆ ಕಥೆ ಮುಗೀತು. ಬಿರುಕಿನೊಳಗೆ ನನ್ನ ಬೆರಳು ಹೋಗತ್ತೆ. ಮಕ್ಕಳನ್ನ ಕೂರಿಸಲೇಬಾರದು ಅಂತ ಬರೀರಿ."

ಅವಳು ಶಾಲೆಯ ಹೆಸರನ್ನು ಇನ್ನೊಂದು ಸಲ ಓದಿದಳು. ತಂಗಿಯ ಮಗಳು ಓದುತ್ತಿದ್ದುದು ಅಲ್ಲೇ, ಅದೇ ಹಿಂದಿನ ಕೋಣೆಯಲ್ಲಿ. ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆದಳು.

ಸಾಹೇಬರು ಒಳಗೆ ಕರೆದರು. "ಏನಮ್ಮಾ ಇದು, ಕಡ್ಡಿ ಮುರಿದ ಹಾಗೆ? ಅವರು ನಮ್ಮ ಹಳೇ ಗಿರಾಕಿ. ಸ್ವಲ್ಪ ಮೆತ್ತಗೆ ಮಾಡಿ."

"ಸರ್, ಬಿರುಕಲ್ಲಿ ಬೆರಳು ಹೋಗತ್ತಂತೆ."

"ಅವನು ಯಾಕೆ ಬೆರಳು ಹಾಕಕ್ಕೆ ಹೋದ?"

ಐವತ್ತು ದಾಟಿದವಳಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ? ತಿದ್ದಿದಳು. ವಾಪಸ್ ಬಂತು. ಮತ್ತೆ ತಿದ್ದಿದಳು. ಮೂರನೆಯ ಸಲ 'ಸಮ್ ಡಿಗ್ರಿ ಆಫ್ ಕನ್ಸರ್ನ್ ಕೆನಾಟ್ ಬಿ ರೂಲ್ಡ್ ಔಟ್', ಒಂದಿಷ್ಟು ಆತಂಕ ಇಲ್ಲವೇ ಇಲ್ಲ ಎನ್ನಲಾಗದು, ಎಂದಾಗ ಸಾಹೇಬರ ಮುಖ ಅರಳಿತು.

ಸಂಜೆ ತಂಗಿಗೆ ಫೋನ್ ಮಾಡಿದಳು. "ನಾಳೆಯಿಂದ ಪುಟ್ಟೀನ ಸ್ಕೂಲಿಗೆ ಕಳಿಸಬೇಡ ಕಣೇ. ಗೋಡೆ ಅಷ್ಟು ಸರಿ ಇಲ್ಲವೇನೋ ಅಂತ..."

"ಇಲ್ಲವೇನೋ ಅಂದ್ರೆ? ಅವಳಿಗೆ ಪರೀಕ್ಷೆ ಇದೆ ಅಕ್ಕಾ. ಬೀಳತ್ತೋ ಬೀಳಲ್ವೋ?"

"ಹಾಗೆ ಖಡಾಖಂಡಿತ ಹೇಳಕ್ಕಾಗಲ್ಲ, ಆದ್ರೂ..."

"ನಿನ್ನ ಆಫೀಸ್ ಮಾತು ನನ್ನ ಹತ್ರ ಬೇಡ."

ಒಂದು ನೇರ ಮಾತಿಗೆ ಅಷ್ಟು ಹೊತ್ತು ತಡಕಾಡಬೇಕಾಯಿತಲ್ಲ ಎಂದು ಅವಳಿಗೇ ನಾಚಿಕೆಯಾಯಿತು. "ಬೀಳತ್ತೆ," ಎಂದಳು.

ತಂಗಿ ಸುಮ್ಮನಿರುವವಳಲ್ಲ, ಉಳಿದ ಮಕ್ಕಳ ತಾಯಂದಿರಿಗೂ ಹೇಳಿದಳು. ಮೂರೇ ದಿನದಲ್ಲಿ ಆ ಎರಡು ಕ್ಲಾಸಿಗೆ ಒಂದು ಮಗುವೂ ಬರದ ಹಾಗಾಯಿತು. ಶಾಲೆಯವರು ಕೋಣೆಗಳಿಗೆ ಬೀಗ ಹಾಕಿ, ಮಕ್ಕಳಿಗೆ ಬೇರೆ ಜಾಗ ಮಾಡಿದರು. ಅವಳು ನೆಮ್ಮದಿಯ ಉಸಿರು ಬಿಟ್ಟಿದ್ದು ಅರ್ಧ ದಿನ ಮಾತ್ರ. ಮಧ್ಯಾಹ್ನ ಸಾಹೇಬರು ಒಂದು ಕಾಗದ ತಂದು ಮುಂದಿಟ್ಟರು. ಗೋಡೆ ಬೀಳುತ್ತದೆಂದು ನಿಮ್ಮಲ್ಲಿ ಯಾರು ಹೇಳಿದ್ದು ಎಂದು ಶಾಲೆಯವರು ಕೇಳಿದ್ದರು.

"ನಮ್ಮವರು ಯಾರೂ ಹೇಳಿಲ್ಲ ಅಂತ ನಯವಾಗಿ ಉತ್ತರ ಬರೀರಿ. ಇದು ಆ ಇಂಜಿನಿಯರಂದೇ ಕೆಲಸ. ಅವನಿಗೆ ನಾಳೆಯಿಂದ ಬರಬೇಡ ಅಂದಿದ್ದೀನಿ."

ಅವಳು ಎದ್ದು ನಿಂತಳು. "ಅವರಲ್ಲ ಸರ್. ನಾನು ಹೇಳಿದ್ದು."

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನೀವಾ! ಅವನನ್ನ ಉಳಿಸಕ್ಕೆ ಬೇರೆ ಏನಾದ್ರೂ ಹೇಳಿ, ನಂಬ್ತೀನಿ."

"ನಿಜ ಸರ್, ನಾನೇ."

"ಆಯ್ತಮ್ಮಾ, ಆಯ್ತು. ಐದು ಗಂಟೆಯೊಳಗೆ ಕಾಗದ ಹೋಗಬೇಕು."

ಗಾಜಿನಾಚೆ ಇಂಜಿನಿಯರ್ ಮೇಜಿನ ಡ್ರಾಯರ್ ಖಾಲಿ ಮಾಡುತ್ತಿದ್ದ. ಅವಳು ಕೂತಳು. 'ನಮಗೆ ತಿಳಿದ ಮಟ್ಟಿಗೆ' ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಆರೇಳು ಬಗೆ ಅವಳಿಗೆ ಗೊತ್ತಿತ್ತು. ಐದಕ್ಕೆ ಮುಂಚೆ ಒಂದನ್ನು ಆರಿಸಿದಳು.