ಎರೆಮಣ್ಣಿಗೆ ಹೊಡೆದ ಥಳಿ

ಎಂಬತ್ತೆಂಟರ ಆ ಚಳಿಗಾಲದಲ್ಲಿ ಸುಲಭಾಗೆ ಕೂತಲ್ಲಿ ಕೂರಲು, ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಆಳಂದದಿಂದ ಖಜೂರಿಗೆ ಹೋಗುವ ರಸ್ತೆಯಲ್ಲಿ ಹಳ್ಳದ ಹಳೆಯ ಸೇತುವೆಯನ್ನು ಕೆಡವಿ ಹೊಸದು ಕಟ್ಟುತ್ತಿದ್ದರು. ಅದು ಮುಗಿಯುವವರೆಗೆ ಮಹಾರಾಷ್ಟ್ರಕ್ಕೆ ಹೋಗುವ ತೊಗರಿ ಲಾರಿಗಳೆಲ್ಲ ಪಕ್ಕದಲ್ಲಿ ಹಾಕಿದ ಕಪ್ಪು ಎರೆಮಣ್ಣಿನ ಏರಿಯ ಮೇಲೆಯೇ ಬಳಸಿಕೊಂಡು ಹೋಗಬೇಕು. ಏರಿ ತಡೆಯುತ್ತದೆ ಎಂದು ಸಹಿ ಹಾಕಿದ ಇಂಜಿನಿಯರ್ ಸುಲಭಾ. ಗಂಡಸರೇ ತುಂಬಿದ ಕಚೇರಿಯಲ್ಲಿ ನಕಾಶೆ ತಿದ್ದುತ್ತಾ ಕೂತವಳಿಗೆ ಹೊರಗಿನ ಕೆಲಸ ಸಿಕ್ಕಿದ್ದು ಇದೇ ಮೊದಲು.

"ಎರಿ ಮಣ್ಣ ನಂಬಬಾರ್ದು ನೋಡ್ರಿ," ಎಂದಿದ್ದರು ಮೇಲಧಿಕಾರಿ ಜಯತೀರ್ಥ. "ನೀವು ಹೇಳ್ತೀರಂತ ಒಪ್ಪಾಕತ್ತೇನಿ. ಏರಿ ಕುಸೀತಂದ್ರ ಮತ್ತ ನಕಾಶಿ ಟೇಬಲ್ಲೇ ನಿಮಗ ಗತಿ."

ಅವಳೇನೂ ಬಾಯಿಗೆ ಬಂದದ್ದು ಹೇಳಿರಲಿಲ್ಲ. ತೊಗರಿ ಚೀಲ ತುಂಬಿದ ಖಾದರಸಾಬನ ಲಾರಿಯನ್ನು ಇಡೀ ದಿನ ಏರಿಯ ಮೇಲೆ ಅತ್ತಿಂದಿತ್ತ ಓಡಿಸಿದ್ದಳು. ಅಂಚಿಗೆ ಗೂಟ ನೆಟ್ಟು, ಗಾಲಿ ದಾಟುವಾಗ ನೆಲ ಎಷ್ಟು ಕುಗ್ಗಿತು, ದಾಟಿದ ಮೇಲೆ ಎಷ್ಟು ಮರಳಿ ಎದ್ದಿತು ಎಂದು ಅಳೆದಿದ್ದಳು. ಮೊದಮೊದಲು ಕುಗ್ಗಿದ್ದೇ ಹೆಚ್ಚು, ಎದ್ದದ್ದು ಕಡಿಮೆ. ಬರಬರುತ್ತ ಕುಗ್ಗಿದಷ್ಟೂ ಎದ್ದು ನಿಲ್ಲತೊಡಗಿತು. ಸಂಜೆಗೆ ಖಾದರಸಾಬ ಸ್ಟೇರಿಂಗಿನ ಮೇಲೆ ತಲೆಯಿಟ್ಟು, "ಮೇಡಮ್ಮೋರ, ಮಣ್ಣು ಗಟ್ಟಿ ಆತು, ನಾ ಮೆತ್ತಗಾದೆ," ಎಂದಿದ್ದ.

ಮಣ್ಣು ಭಾರಕ್ಕೆ ಪಳಗಿತ್ತು, ಸರಿ. ಆದರೆ ಅದಕ್ಕೊಂದು ಕರಾರಿತ್ತು. ಏರಿಯ ಮಣ್ಣು ಪೂರ್ತಿ ಒಣಗಿದ್ದಲ್ಲ, ಪೂರ್ತಿ ನೆನೆದದ್ದೂ ಅಲ್ಲ. ಕಣಗಳ ಸಂದಿಯಲ್ಲಿ ಒಂದಿಷ್ಟು ಗಾಳಿ, ಒಂದಿಷ್ಟು ನೀರು. ಆ ಚೂರು ನೀರೇ ಕಣಗಳನ್ನು ಒಂದಕ್ಕೊಂದು ಜಗ್ಗಿ ಹಿಡಿದಿರುತ್ತದೆ. ಇನ್ನಷ್ಟು ನೀರು ಬಂದು ಗಾಳಿಯ ಜಾಗ ತುಂಬಿತೋ, ಹಿಡಿತ ಸಡಿಲ. ಆಮೇಲೆ ಅದೇ ಲಾರಿ, ಅದೇ ಭಾರ ಇದ್ದರೂ ಕುಗ್ಗಿದ ನೆಲ ಮತ್ತೆ ಏಳುವುದಿಲ್ಲ. ಮಳೆಗಾಲ ದೂರವಿತ್ತು, ಹಳ್ಳ ಬತ್ತಿತ್ತು. ನೀರು ಎಲ್ಲಿಂದ ಬರಬೇಕು ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಏರಿಗೆ ಹತ್ತಿಕೊಂಡೇ ಸರಸಂಬಾದ ಮಾಣಿಕಮ್ಮ ತಟ್ಟಿ ಕಟ್ಟಿ ಚಾದಂಗಡಿ ಇಟ್ಟಿದ್ದಳು. ಒಳಗೆ ಬುದ್ಧನ ಪಟ, ಒಂದು ಬೆಂಚು. ಮೊದಲ ದಿನ ಸುಲಭಾ ನೇರ ಒಳಗೆ ಹೋಗಿ ಕೂತಾಗ ಮಾಣಿಕಮ್ಮ ಗಲಿಬಿಲಿಗೊಂಡಳು. ಸುಲಭಾಳ ಓಣಿಯವರು ಇಂಥ ಅಂಗಡಿಯ ನೆರಳಿಗೂ ಬಾರದವರು. ಅವರ ಮನೆಗಳಲ್ಲಿ ಮಾಣಿಕಮ್ಮನಂಥವರಿಗೆ ಏನಾದರೂ ಕೊಡುವುದಿದ್ದರೆ ಕಟ್ಟೆಯ ಮೇಲಿಟ್ಟು ಹಿಂದೆ ಸರಿಯುತ್ತಿದ್ದರು.

"ಬಾಯಾರ, ಇದೇ ಗ್ಲಾಸಿನ್ಯಾಗ ಕೊಡ್ಲೇನ್ರಿ?"

"ಮತ್ಯಾವುದ್ರಾಗ ಕೊಡ್ತೀರಿ ಅಕ್ಕ? ಬಿಸಿ ಇರ್ಲಿ, ಅಷ್ಟ ಸಾಕು."

ಮಾಣಿಕಮ್ಮ ಅವಳ ಕೈಗೇ ಗ್ಲಾಸು ಕೊಟ್ಟಳು. ಅಷ್ಟರಲ್ಲಿ ಲಾರಿಯೊಂದು ಎಬ್ಬಿಸಿದ ದೂಳಿಗೆ ಸುಲಭಾಗೆ ಕೆಮ್ಮು ಹತ್ತಿ ಅರ್ಧ ಚಹಾ ಚೆಲ್ಲಿತು. ತನ್ನದೇ ತಪ್ಪೇನೋ ಎಂಬಂತೆ ಮಾಣಿಕಮ್ಮ ಒದ್ದಾಡಿದಳು. ಮರುದಿನದಿಂದ ಅಂಗಡಿಯ ಮುಂದೆ ದೂಳಿರಲಿಲ್ಲ. ಅಂಗಳ ತಂಪಾಗಿ, ಹಸಿಮಣ್ಣಿನ ವಾಸನೆ ಹಿತವಾಗಿರುತ್ತಿತ್ತು. ಸುಲಭಾಗೆ ಅಲ್ಲಿ ಕೂತ ಹೊತ್ತಷ್ಟೇ ನೆಮ್ಮದಿ. ಮಣ್ಣಿನ ಬಗ್ಗೆ ಅಷ್ಟು ಓದಿದವಳು ಆ ತಂಪು ಎಲ್ಲಿಂದ ಬಂತೆಂದು ಕೇಳಲೇ ಇಲ್ಲ. ಬೆಳಗಾದರೆ ಮನೆ ಮುಂದೆ ಹಸಿ ಅಂಗಳ ನೋಡುತ್ತಲೇ ಬೆಳೆದವಳಿಗೆ ಅದು ಕೇಳುವ ಸಂಗತಿ ಅನಿಸಿರಲೇ ಇಲ್ಲ.

ಕೆಲವು ವಾರ ಕಳೆಯಿತು. ಗೂಟಗಳ ಪೈಕಿ ಒಂದು ಅವಳ ನೆಮ್ಮದಿ ಕೆಡಿಸಿತು. ಉಳಿದ ಕಡೆ ನೆಲ ಇದ್ದಲ್ಲೇ ಇತ್ತು. ಚಾದಂಗಡಿಯ ಎದುರಿಗೆ ಮಾತ್ರ ಕುಗ್ಗುತ್ತಿತ್ತು, ಕಣ್ಣಿಗೆ ಕಾಣದಷ್ಟು, ಆದರೆ ಬಿಡದೆ. ಅವಳು ಅಳತೆಪಟ್ಟಿ ಬದಲಿಸಿದಳು, ಗೂಟ ಕಿತ್ತು ಬೇರೆ ನೆಟ್ಟಳು. ಮನೆಯಲ್ಲಿ ತಾಯಿ ವತ್ಸಲಾಬಾಯಿ, "ತಾಟಿನ ಮುಂದ ಕೂತು ಎಲ್ಲಿಗೆ ಹೋಗಿರ್ತೀಯೇ?" ಎಂದು ರೇಗಿದರು. ಜಯತೀರ್ಥರಿಗೆ ಹೇಳಿದರೆ ಏರಿ ಬಂದ್, ಅವಳ ಹೊರಗಿನ ಕೆಲಸವೂ ಬಂದ್. ಹೇಳದಿದ್ದರೆ ಏನಾದೀತು ಎಂಬುದನ್ನು ಅವಳು ಪೂರ್ತಿ ಯೋಚಿಸಲು ಹೋಗುತ್ತಿರಲಿಲ್ಲ.

ಕೊನೆಗೆ ಅವಳಿಗೆ ಹೊಳೆದದ್ದು ಲಾರಿಗಳು. ಚಹಾಕ್ಕೆಂದು ಎಲ್ಲರೂ ಅಲ್ಲೇ ಬ್ರೇಕ್ ಹಾಕಿ ಅಂಚಿಗೆ ನಿಲ್ಲಿಸುತ್ತಾರೆ, ಕುಗ್ಗದೆ ಇನ್ನೇನಾದೀತು? ಇನ್ನು ಯಾರೂ ಅಲ್ಲಿ ನಿಲ್ಲಿಸಕೂಡದು ಎಂದು ಖಾದರಸಾಬನ ಮೂಲಕ ಡ್ರೈವರುಗಳಿಗೆಲ್ಲ ಹೇಳಿಸಿದಳು.

"ಮಾಣಿಕಮ್ಮನ ಹೊಟ್ಟಿ ಮ್ಯಾಲ ಹೊಡದಂಗ ಆಗ್ತದಲ್ರಿ ಮೇಡಮ್ಮೋರ," ಎಂದ ಅವನು.

"ಹೊಸ ಪೂಲು ಆಗೋತನಕ ಅಷ್ಟ. ನಾ ಆಕಿಗೆ ಹೇಳ್ತೇನಿ."

ಹೇಳಲಿಲ್ಲ. ಮುಖ ತೋರಿಸಲಾಗದೆ ಚಾದಂಗಡಿಗೆ ಹೋಗುವುದನ್ನೇ ಬಿಟ್ಟಳು. ಸಂಜೆ, ಬಿಸಿಲಿಗೆ ಏರಿಯ ಮೇಲೆ ಹಾಸಿದ ಗರಸುಮಣ್ಣೆಲ್ಲ ಒಣಗಿ, ಮಾಣಿಕಮ್ಮ ಊರಿಗೆ ಹೋದ ಮೇಲೆ ಬಂದು ಕಳ್ಳರ ಹಾಗೆ ಗೂಟ ಅಳೆದು ಹೋಗುತ್ತಿದ್ದಳು. ಲಾರಿಗಳು ಅಲ್ಲಿ ನಿಲ್ಲುತ್ತಿರಲಿಲ್ಲ. ನೆಲ ಮಾತ್ರ ಮೊದಲಿಗಿಂತ ಜೋರಾಗಿ ಕುಗ್ಗತೊಡಗಿತು.

ಒಂದು ದಿನ ತಡೆಯಲಾರದೆ ಹೊತ್ತು ಮೂಡುವಾಗಲೇ ಬಂದಳು. ಮಾಣಿಕಮ್ಮ ಬೆನ್ನು ಮಾಡಿ ನಿಂತಿದ್ದಳು. ಪಕ್ಕದಲ್ಲಿ ಸಾಲಾಗಿ ನೀರಿನ ಕೊಡಗಳು. ತಂಬಿಗೆಯಿಂದಲ್ಲ, ಕೊಡ ಎತ್ತಿಯೇ ಏರಿಯ ಅಂಚಿನವರೆಗೂ ನೀರು ಎರಚಿ ಥಳಿ ಹೊಡೆಯುತ್ತಿದ್ದಳು.

"ಅಕ್ಕಾ! ಏನ್ ಮಾಡಾಕತ್ತೀರಿ?"

ತಿರುಗಿದ ಮಾಣಿಕಮ್ಮನ ಮುಖ ಅರಳಿತು. "ಬಂದ್ರೇನ್ರಿ ಬಾಯಾರ! ದೂಳಿಗೆ ನಿಮಗ ಕೆಮ್ಮು ಬಂದಿತ್ತಲ್ರಿ, ಅವತ್ತಿಂದ ದಿನಾ ಥಳಿ ಹೊಡೀತೇನಿ. ಈಗೀಗ ನೀವೂ ಬರೂದು ಬಿಟ್ರಿ, ಲಾರಿನೂ ನಿಂದ್ರೂದು ಬಿಟ್ಟಾವು. ದೂಳು ಭಾಳ ಆಗಿರಬೇಕಂತ ಇನ್ನಾ ಜಾಸ್ತಿ ಹೊಡ್ಯಾಕತ್ತೇನಿ."

ಸುಲಭಾಳ ಕಣ್ಣು ಕುಗ್ಗುತ್ತಿದ್ದ ಆ ಗೂಟದತ್ತ ಹೊರಳಿತು. ಅದೇ ಹೊತ್ತಿಗೆ ತಿರುವಿನಲ್ಲಿ ಖಾದರಸಾಬನ ಲಾರಿ ಕಾಣಿಸಿತು, ತಲೆಯವರೆಗೆ ಚೀಲ. ಅವಳು ಏರಿಗೆ ಹತ್ತಿ, ನಿಲ್ಲು ನಿಲ್ಲು ಎಂದು ಎರಡೂ ಕೈ ಬೀಸಿದಳು. ಚಾದಂಗಡಿಯ ಮುಂದೆ ನಿಂತು ಮೇಡಮ್ಮೋರೇ ಕೈಮಾಡಿ ಕರೆದರೆ ಯಾವ ಡ್ರೈವರ್ ತಾನೇ ಬೇರೆ ಅರ್ಥ ಮಾಡಿಕೊಂಡಾನು? ಖಾದರಸಾಬ ಖುಷಿಯಿಂದ ಹಾರ್ನ್ ಹೊಡೆದು, ಲಾರಿಯನ್ನು ತನ್ನ ಹಳೆಯ ಜಾಗಕ್ಕೆ ತಿರುಗಿಸಿದ.

ಹಿಂಗಾಲಿ ಅಂಚಿಗೆ ಬಂದದ್ದೇ ತಡ, ನೆಲ ಕುಸಿಯಿತು. ಲಾರಿ ವಾಲಿತು. ಸುಲಭಾ ಕೆಳಗೆ ಹಾರಿ ಮಾಣಿಕಮ್ಮನ ರಟ್ಟೆ ಹಿಡಿದು ಜಗ್ಗಿದಳು, ಇಬ್ಬರೂ ದೂರ ಹೋಗಿ ಬಿದ್ದರು. ಹಗ್ಗ ಹರಿದ ಚೀಲಗಳು ಅಂಗಡಿಯ ಮೇಲೆ ಉರುಳಿದವು. ದೂಳು ಇಳಿದಾಗ ತಟ್ಟಿ ಇಲ್ಲ, ಒಲೆ ಇಲ್ಲ, ಬೆಂಚು ಇಲ್ಲ. ಖಾದರಸಾಬ ಮೇಲಿನ ಬಾಗಿಲಿಂದ ಹೇಗೋ ಇಳಿದು, "ಯಾ ಅಲ್ಲಾ, ಕರದ್ರಂತ ಬಂದೆ," ಎಂದು ನೆಲಕ್ಕೆ ಕೂತ.

ಜಯತೀರ್ಥರು ಜೀಪಿನಲ್ಲಿ ಬಂದರು. ಹಸಿ ಅಂಚು ನೋಡಿದರು, ಕೊಡ ನೋಡಿದರು. ಸುಲಭಾಳನ್ನು ಬದಿಗೆ ಕರೆದರು. "ನಿಮ್ಮ ಅಳತಿ ತಪ್ಪಿಲ್ಲ ಬಿಡ್ರಿ. ಈ ಚಾದಂಗಡಿ ಹೆಣ್ಮಗಳು ನೀರು ಹೊಡದು ರಸ್ತಾ ಕೆಡಿಸ್ಯಾಳ. ಹಂಗಂತ ಬರದು ಕೊಡ್ರಿ. ಪೊಲೀಸರಿಗೆ ನಾ ಹೇಳ್ತೇನಿ. ನಿಮಗೇನೂ ಆಗೂದಿಲ್ಲ."

ಸುಲಭಾಗೆ ಒಂದು ಗಳಿಗೆ ಹಾಯೆನಿಸಿತು. ಹಾಗೆ ಅನಿಸಿದ್ದಕ್ಕೇ ಹೇಸಿಗೆಯಾಯಿತು. ಆಚೆ ಮಾಣಿಕಮ್ಮ ಚೀಲಗಳ ನಡುವೆ ಬಗ್ಗಿ, ಒಡೆಯದೆ ಉಳಿದ ಗ್ಲಾಸನ್ನು ಸೆರಗಿನಿಂದ ಒರೆಸುತ್ತಿದ್ದಳು.

"ನೀರು ಸೇರಿದ್ರ ಈ ಮಣ್ಣು ಕೈ ಬಿಡ್ತದಂತ ನನಗ ಗೊತ್ತಿತ್ರಿ ಸರ್, ಆಕಿಗೆ ಗೊತ್ತಿದ್ದಿಲ್ಲ. ಹೇಳಬೇಕಾದಾಕಿ ನಾನು. ಗೂಟ ಕುಗ್ಗಿದ್ದು ನಿಮಗ ಮುಚ್ಚಿಟ್ಟಾಕಿ ನಾನು. ಇಲ್ಲಿ ಲಾರಿ ನಿಂದರಸಬ್ಯಾಡ್ರಂತ ಹೇಳಿಸಿದಾಕಿನೂ ನಾನ. ಹಂಗ ಬರೀತೇನಿ."

"ನಕಾಶಿ ಟೇಬಲ್ ನೆನಪದ ಏನ್ರಿ?"

"ನೆನಪದ್ರಿ."

ಅವರು ತಲೆ ಕೊಡವಿ ವಾಲಿದ ಲಾರಿ ನೋಡಲು ಹೋದರು. ಗ್ಲಾಸು ಒರೆಸುತ್ತಿದ್ದ ಮಾಣಿಕಮ್ಮನ ಕೈ ಅಲ್ಲೇ ನಿಂತಿತ್ತು.

"ಲಾರಿ ಬ್ಯಾಡಂದಾಕಿ ನೀವೇನ್ರಿ, ಬಾಯಾರ?"

"ಹೌದಕ್ಕ."

ಮಾಣಿಕಮ್ಮ ಮೂರು ಕಲ್ಲು ಜೋಡಿಸಿ, ಉಳಿದ ಕೊಡದ ನೀರಿನಲ್ಲಿ ಚಹಾ ಕಾಸಿದಳು. ಖಾದರಸಾಬನಿಗೆ ಕೈಗೆ ಕೊಟ್ಟಳು. ಸುಲಭಾಳ ಗ್ಲಾಸನ್ನು ಕಲ್ಲಿನ ಮೇಲಿಟ್ಟು ಹಿಂದೆ ಸರಿದಳು.

ಜಯತೀರ್ಥರ ಜೀಪು ಹೊರಟಿತು, ಅದರ ದೂಳು ಇಬ್ಬರ ನಡುವೆ ಎದ್ದಿತು. ಸುಲಭಾ ಕೆಮ್ಮುತ್ತಾ ಬಗ್ಗಿ ಗ್ಲಾಸು ತೆಗೆದುಕೊಂಡಳು.