ಎಳೆ ತಪ್ಪಿದ ಟವಲು

ಆ ಭಾನುವಾರ ಬೆಳಗ್ಗೆ ದೊಡ್ಡಬಳ್ಳಾಪುರದ ಮೇಲೆ ಮಂಜು ದಟ್ಟವಾಗಿ ಕವಿದಿತ್ತು. ಎಂಟು ಗಂಟೆಯಾದರೂ ಬಿಸಿಲಿನ ಸುಳಿವಿಲ್ಲ. ತೇವಕ್ಕೆ ರೇಷ್ಮೆ ಸಡಿಲವಾಗುತ್ತದೆಂದು ಬೀದಿಯವರೆಲ್ಲ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ಎಳೆಗಳ ಹಾಸನ್ನು ಬಿಗಿ ಮಾಡಿಕೊಂಡು ನೇಯುತ್ತಿದ್ದರು. ಮಗ್ಗದ ಸದ್ದಿಲ್ಲದ ಮನೆ ನಂದಕುಮಾರನದೊಂದೇ.

ಎಂಟು ದಿನದ ಹಿಂದೆ ಅವನು ಕುಡಿದು ಬಂದು ಮಗ್ಗದ ಮೇಲೇ ವಾಂತಿ ಮಾಡಿದ್ದ. ಚೌಡೇಶ್ವರಿ ತಾಯಿಯನ್ನು ನೆನೆದು, ಕುಂಕುಮವಿಟ್ಟು ಮುಟ್ಟುವ ಮಗ್ಗ. ಬೆಳಗ್ಗೆ ನೋಡಿದರೆ ಹಸಿರು ಹಾಸಿನ ಮೇಲೆ ಅನ್ನದ ಅಗುಳು ಒಣಗಿ ಅಂಟಿತ್ತು, ನೊಣ ಕೂತಿತ್ತು. ಹೆಂಡತಿ ವಾಣಿ ಬೈಯಲಿಲ್ಲ. ಕತ್ತರಿ ತಂದು ಹಾಳಾದಷ್ಟನ್ನೂ ಕತ್ತರಿಸಿ ತಿಪ್ಪೆಗೆ ಹಾಕಿದಳು. ಮಗ್ಗದಲ್ಲಿ ಒಂದು ಗೇಣು ಎಳೆ ಮಾತ್ರ ಉಳಿಸಿದಳು.

ಆ ಗೇಣಿನ ತುದಿಗೆ ಹೊಸ ಹಾಸಿನ ಒಂದೊಂದೇ ಎಳೆ ಸೇರಿಸಿ, ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆಯಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆ. ವಾಣಿಯಷ್ಟು ಚೆನ್ನಾಗಿ ಕೆಚ್ಚುವವರು ಬೀದಿಯಲ್ಲಿ ಇನ್ನೊಬ್ಬರಿಲ್ಲ.

"ನಾನು ಕೆಚ್ಚಲ್ಲ" ಎಂದಳು ಅವಳು. "ಆಶಾ ಕಾರ್ಯಕರ್ತೆ ಅನುಸೂಯಮ್ಮ ಚೀಟಿ ಕೊಟ್ಟವ್ರಲ್ಲ, ಆ ಕುಡಿತ ಬಿಡೋರ ಮೀಟಿಂಗು. ಹೋಗಿ, ಮುಗಿಯೋ ತನಕ ಕೂತು ಬನ್ನಿ. ಆಮೇಲೆ ಬೂದಿ ಮುಟ್ತೀನಿ."

ನಂದಕುಮಾರ ತಾನೇ ಕೆಚ್ಚಲು ಕುಳಿತಿದ್ದ. ಎಂಟು ಎಳೆ ಹೊಸೆದ. ಎಂಟೂ ಬಿಚ್ಚಿಕೊಂಡವು.

ಹೊರಡುವಾಗ ವಾಣಿ ಮಡಿಸಿದ ಟವಲೊಂದನ್ನು ಅವನ ಚೀಲಕ್ಕೆ ಹಾಕಿದಳು. "ಅವತ್ತು ರಾತ್ರಿ ನಿಮ್ಮನ್ನ ಯಾರೋ ಹೊತ್ಕೊಂಡ್ಬಂದು ಜಗಲಿ ಮೇಲೆ ಕೂರ್ಸಿ, ಕಕ್ಕಿದ್ದ ಬಾಯಿ ಒರ್ಸಿ, ಇದನ್ನ ಒತ್ತಿ ಹೋಗವ್ರೆ. ನಾನು ಬಾಗ್ಲು ತೆಗೆಯೋಷ್ಟ್ರಲ್ಲಿ ಹೊಂಟೋಗಿದ್ರು. ಮೂರು ಸಲ ಒಗ್ದಿದೀನಿ. ಯಾರ್ದು ಅಂತ ಕೇಳ್ನೋಡಿ, ಕುಡುಕ್ರಿಗೆ ಕುಡುಕ್ರು ಗೊತ್ತಿರ್ತಾರೆ."

ಬಾಶೆಟ್ಟಿಹಳ್ಳಿಯ ಹಾದಿಯಲ್ಲಿ, ಹೊಲಿಗೆ ಕ್ಲಾಸ್ ನಡೆಯುವ ಕಟ್ಟಡ ಎಂದು ಚೀಟಿಯಲ್ಲಿತ್ತು. ಮೀಟಿಂಗ್ ಎಂದು ಕೇಳಲು ನಾಲಿಗೆ ಏಳದೆ ಟೀ ಅಂಗಡಿಯಲ್ಲಿ ಕೇಳಿದ, "ಹೊಲಿಗೆ ಕ್ಲಾಸ್ ಎಲ್ಲಪ್ಪಾ?"

"ಹೊಲಿಗೆ ಶನಿವಾರ ಕಣಣ್ಣ. ಭಾನುವಾರ ಬರೋರೆಲ್ಲ ಎಣ್ಣೆ ಬಿಡೋರು. ಹಿಂದ್ಗಡೆ ಹೋಗಿ" ಎಂದ ಅಂಗಡಿಯವನು, ಹಾಲು ಕುದಿಸುತ್ತಲೇ.

ಒಳಗೆ ಒಂಬತ್ತು ಜನ. ಬೆವರು, ಬೀಡಿ, ಹುಳಿ ಬಾಯಿಗಳ ವಾಸನೆ. ಯಾರೋ ಎಂಜಲು ಮಾಡಿಟ್ಟ ಲೋಟದಲ್ಲಿ ಬಿಸ್ಕತ್ತು ಕರಗಿ ಕೆಸರಾಗಿತ್ತು. ಕುರ್ಚಿಗೆ ಕೈಯಿಟ್ಟರೆ ಅಂಟಿತು. ನಂದಕುಮಾರ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಇವರ ಸಾಲಿನಲ್ಲಿ ನಾನೇ ಎಂದುಕೊಂಡು ಕುರ್ಚಿಯನ್ನು ದೂರ ಸರಿಸಿ ಕುಳಿತ.

ಮಾತಾಡಲು ಎದ್ದು ನಿಂತವನನ್ನು ಕಂಡು ಇನ್ನೂ ಹೇಸಿಗೆಯಾಯಿತು. ಮುನಿವೆಂಕಟಪ್ಪ. ಮುಂದಿನ ಹಲ್ಲಿಲ್ಲದ ಮುದುಕ. ಮೂರು ವರ್ಷದ ಹಿಂದೆ ವೈನ್ ಅಂಗಡಿಯ ಮುಂದಿನ ಚರಂಡಿಯಲ್ಲಿ ಇವನು ಬಿದ್ದಿದ್ದಾಗ ನಂದಕುಮಾರ ಪಕ್ಕದಲ್ಲೇ ಕ್ಯಾಕರಿಸಿ ಉಗಿದು ಹೋಗಿದ್ದ.

"ನಾನು ಮುನಿವೆಂಕಟಪ್ಪ, ಕುಡುಕ. ಎರಡು ವರ್ಷ ಆಯ್ತು, ಮುಟ್ಟಿಲ್ಲ. ಮೊದ್ಲು ಪಂಚೆಯಾಗೇ ಎಲ್ಲಾ ಆಗೋಗ್ತಿತ್ತು. ಸೊಸೆ ನನ್ನ ತಟ್ಟೇನ ನಾಯಿ ತಟ್ಟೆ ಪಕ್ಕ ಇಟ್ಬಿಟ್ಲು. ಒಂದಿನ ಗೊತ್ತಾಗ್ದೆ ನಾಯಿ ತಟ್ಟೇಲೇ ಉಂಡ್ಬಿಟ್ಟೆ!"

"ನಾಯಿ ಏನಂತು ಗುರು?" ಎಂದ ಒಬ್ಬ.

"ಅದು ವಾರ ಪೂರ್ತಿ ಆ ತಟ್ಟೆ ಮುಟ್ಲಿಲ್ಲ ಕಣೋ."

ಎಲ್ಲರೂ ಹೋ ಎಂದು ನಕ್ಕರು. ಮುದುಕನ ಬಾಯಿಂದ ಎಂಜಲು ಸಿಡಿಯಿತು. ಇಂಥದ್ದಕ್ಕೂ ನಗುವ ಜನ! ನಂದಕುಮಾರ ಚೀಲ ಎತ್ತಿಕೊಂಡು ಎದ್ದ. ಮಗ್ಗ ನಿಂತರೆ ನಿಲ್ಲಲಿ.

ಬಾಗಿಲಿಗೆ ಹೋಗಬೇಕಾದರೆ ಮುದುಕನನ್ನು ದಾಟಬೇಕು. ದಾಟುವಾಗ ಅವನ ಹೆಗಲ ಟವಲು ಕಣ್ಣಿಗೆ ಬಿತ್ತು. ಕೆಂಪು ಅಂಚಿನಲ್ಲಿ ಮೂರನೆಯ ಎಳೆ ತಪ್ಪಿತ್ತು. ನೇಯುವವನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಚೀಲದೊಳಗಿನ ಟವಲನ್ನು ಸರಿಸಿ ನೋಡಿದ. ಅದೇ ಅಂಚು, ಅದೇ ಮೂರನೆಯ ಎಳೆ. ಅಂಗಡಿಯಲ್ಲಿ ಜೋಡಿಯಾಗಿ ಮಾರುವ ಟವಲನ್ನು ನಡುವೆ ಕತ್ತರಿಸಿದ ಎರಡು ತುಂಡುಗಳು. ಮಗ್ಗದ ತಪ್ಪು ಎರಡರಲ್ಲೂ ಉದ್ದಕ್ಕೂ ಸಾಗಿತ್ತು.

ತನ್ನ ವಾಂತಿಯನ್ನು ಒರೆಸಿದ ಕೈ ಇದು. ಮುದುಕನ ಮೇಲಿದ್ದ ಹೇಸಿಗೆಯೆಲ್ಲ ಒಮ್ಮೆಗೇ ತಿರುಗಿ ನಂದಕುಮಾರನ ಮೇಲೆಯೇ ಬಿತ್ತು. ಅವನು ಅಲ್ಲೇ ನಿಂತ.

"ಯಾಕಪ್ಪಾ, ವಾಸ್ನೆನಾ?" ಎಂದ ಮುನಿವೆಂಕಟಪ್ಪ ಮೆಲ್ಲಗೆ. "ಆಯ್ತದೆ. ಕಿಟ್ಕಿ ಪಕ್ಕ ಕೂತ್ಕೋ."

ನಂದಕುಮಾರ ಕಿಟಕಿಯ ಪಕ್ಕ ಅದೇ ಅಂಟು ಕುರ್ಚಿ ಎಳೆದುಕೊಂಡು ಕುಳಿತ. ಸರದಿ ಬಂದಾಗ ಎದ್ದ. ಹೆಸರು ಸುಲಭವಾಗಿ ಬಂತು. ಮುಂದಿನ ಮಾತಿಗೆ ಮೊದಲು ಕುರ್ಚಿಯ ಬೆನ್ನು ಹಿಡಿದುಕೊಂಡ. ಯಾರೂ ಅವಸರ ಮಾಡಲಿಲ್ಲ.

"ನಾನು... ಮಗ್ಗದ ಮೇಲೆ ವಾಂತಿ ಮಾಡ್ದೆ" ಎಂದ. "ನಾನೂ ಕುಡುಕನೇ."

ಈ ಸಲ ಯಾರೂ ನಗಲಿಲ್ಲ.

ಮೀಟಿಂಗ್ ಮುಗಿಯುವವರೆಗೂ ಅವನು ಕುಳಿತಿದ್ದ. ಹೊರಗೆ ಮಂಜು ಕರಗಿ ಬಿಸಿಲು ಬಿದ್ದಿತ್ತು. ಮುನಿವೆಂಕಟಪ್ಪ ನಲ್ಲಿಯಲ್ಲಿ ಎಲ್ಲರ ಎಂಜಲು ಲೋಟಗಳನ್ನು ತೊಳೆದು ಬೋರಲು ಹಾಕಿ, ಒದ್ದೆ ಕೈ ಝಾಡಿಸುತ್ತ ಎದ್ದ. ನಂದಕುಮಾರ ಚೀಲದಿಂದ ಟವಲು ತೆಗೆದು ಅವನ ಕೈಗಿಟ್ಟ.